ಶಾಲೆಯ ಹಣಕ್ಕೂ ಒಂದು ತೂಬು ಉಂಟು



ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ಕೂಡಲೆ ನೀವು ಸಲಿಕೆ ಹೊತ್ತು ಹೊಲಕ್ಕೆ ಹೊರಡುತ್ತೀರಿ. ಪಾಳಿ ಯಾರದು, ನಡುವೆ ಯಾರಾದರೂ ನೀರು ತಿರುವಿದ್ದಾರೆಯೇ ಎಂದು ನಡುರಾತ್ರಿಯಲ್ಲಿಯೂ ಬ್ಯಾಟರಿ ಹಿಡಿದು ನೋಡಿ ಬರುತ್ತೀರಿ. ಊರ ಶಾಲೆಗೆ ಸರಕಾರದಿಂದ ಹರಿಯುವ ಹಣದ ತೂಬನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ?

ಆ ತೂಬು ಇರುವುದು ನಿಮ್ಮ ಕೈಯಲ್ಲಿಯೇ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಜನ ಮಕ್ಕಳ ತಂದೆತಾಯಿಗಳು ಅಥವಾ ಪಾಲಕರು ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು. ಇದನ್ನೇ ನಾವು ಎಸ್.ಡಿ.ಎಂ.ಸಿ. ಎನ್ನುತ್ತೇವೆ. ಶಾಲೆಗೆ ಏನೇನು ಬೇಕೆಂಬ ಯೋಜನೆಯನ್ನು ಈ ಸಮಿತಿ ಬರೆಯಬೇಕು. ಅನುದಾನಕ್ಕೆ ಆ ಯೋಜನೆಯೇ ಆಧಾರವೆಂದು ಕಾಯಿದೆ ಹೇಳಿದೆ. ಬಿರುಕು ಬಿಟ್ಟ ಗೋಡೆ ಕಾಗದದ ಮೇಲೆ ಬಾರದಿದ್ದರೆ ಬೆಂಗಳೂರಿನವರಿಗೆ ಅದು ಕಾಣುವುದು ಹೇಗೆ?

2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ರೂಪಾಯಿಗೆ 60 ಪೈಸೆ ಕೇಂದ್ರದ್ದು, 40 ಪೈಸೆ ರಾಜ್ಯದ್ದು. ಯೋಜನೆಯ ನಿಯಮದಂತೆ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿಯವರೆಗೆ, 250 ಮಕ್ಕಳವರೆಗೆ 50,000, ಅದರ ಮೇಲೆ 1,000 ಮಕ್ಕಳವರೆಗೆ 75,000 ಶಾಲಾ ಅನುದಾನ ಉಂಟು. ಅದರಲ್ಲಿ ಹತ್ತನೆಯ ಒಂದು ಪಾಲಾದರೂ ಸ್ವಚ್ಛತೆಗೆ ಹೋಗಬೇಕು. ಸುರಕ್ಷತೆಗೆಂದೇ ಪ್ರತಿ ಶಾಲೆಗೆ 2,000 ರೂಪಾಯಿಯವರೆಗೆ ಬೇರೆ ಇದೆ. ಎರಡು ಸಾವಿರದಲ್ಲಿ ಏನಾದೀತೆಂದು ನಗಬೇಡಿರಿ. ಜೋತು ಬಿದ್ದ ಕರೆಂಟಿನ ತಂತಿ ಸರಿಪಡಿಸಲು, ತೆರೆದ ನೀರಿನ ತೊಟ್ಟಿಗೆ ಮುಚ್ಚಳ ಹಾಕಲು ಎಷ್ಟು ಬೇಕು?

ಸಣ್ಣ ಅಲಕ್ಷ್ಯ ಏನು ಮಾಡೀತು ಎಂಬುದನ್ನು ತಮಿಳುನಾಡಿನ ಕುಂಭಕೋಣ ಕಂಡಿದೆ. 2004ರ ಜುಲೈ 16ರಂದು ಅಲ್ಲಿಯ ಶಾಲೆಯ ಅಡಿಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸತ್ತರು. ನಮ್ಮ ಶಾಲೆಗಳಲ್ಲಿಯೂ ಬಿಸಿಯೂಟದ ಒಲೆ ದಿನಾಲು ಉರಿಯುತ್ತದೆ. ಗ್ಯಾಸಿನ ನಳಿಗೆ ಹಳತಾಗಿದೆಯೇ, ತರಗತಿಯ ಬಾಗಿಲು ಸಲೀಸಾಗಿ ತೆರೆಯುತ್ತದೆಯೇ ಎಂದು ನೋಡಲು ಇಂಜಿನಿಯರನೇ ಬರಬೇಕಾಗಿಲ್ಲ.

ಗೋಡೆ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ. ಮಗುವಿನ ಮನಸ್ಸು ಬಿರುಕು ಬಿಟ್ಟರೆ?

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದ್ದು ನಿಮಗೆ ನೆನಪಿದೆ. ಹೊಳೆದಂಡೆಯ ಒಂದು ಊರಿನಲ್ಲಿ ಏಳನೆಯ ಇಯತ್ತೆಯ ಹುಡುಗನೊಬ್ಬ ಆ ನೆರೆಯ ಮುಂದಿನ ವರ್ಷಗಳಲ್ಲಿಯೂ ಮೋಡ ಕವಿದರೆ ಸಾಲಿಗೆ ಹೋಗುತ್ತಿರಲಿಲ್ಲ. ಅಪ್ಪ ಬೈದ, ಹೊಡೆದ. ಸೋಮಾರಿ ಹುಡುಗ ಎಂದು ನಾನೂ ತಿಳಿದೆ; ನನ್ನ ತಿಳಿವಳಿಕೆ ತಪ್ಪು. ಮಾಸ್ತರರು ಪಕ್ಕದಲ್ಲಿ ಕೂಡಿಸಿಕೊಂಡು ಕೇಳಿದಾಗ, ತನ್ನ ಕಣ್ಣೆದುರಿಗೆ ಎಮ್ಮೆ ತೇಲಿ ಹೋದದ್ದನ್ನು ಹೇಳಿ ಅತ್ತ. ಕಬ್ಬಿನ ಎಲೆ ಹಳದಿಯಾದರೆ ನೀವು ಕಬ್ಬನ್ನು ಬಯ್ಯುವುದಿಲ್ಲ, ಬುಡ ಕೆದರಿ ನೋಡುತ್ತೀರಿ. ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ಅದೇ 2009ರ ಕಾಯಿದೆ ನಿಷೇಧಿಸಿದೆ. ಮನೆಯಲ್ಲಿ ಆ ಕೆಲಸ ನಿಮ್ಮದು.

ಮನಸ್ಸಿನ ಆರೈಕೆಗೆ ಹಣ ಹಳ್ಳಿಯ ಶಾಲೆಗೆ ನೇರವಾಗಿ ಬರುವುದು ಕಡಿಮೆ, ಇದು ಕೊರತೆಯೇ. ಆದರೆ ಸರಕಾರದ ಖರ್ಚಿನಲ್ಲಿ ನಡೆಯುವ ಸಹಾಯ ಉಂಟು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗದ ಚಿಕಿತ್ಸೆ ಕಲಿಸಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಮನೋವೈದ್ಯರು ನಿಮ್ಮ ತಾಲೂಕಿಗೆ ಯಾವ ದಿನ ಬರುವರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿರಿ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ದೂರವಾಣಿ ನಡೆದಿದೆ: 14416. ಹಗಲುರಾತ್ರಿ, ಪುಕ್ಕಟೆ, ಕನ್ನಡದಲ್ಲಿಯೇ ಮಾತಾಡಬಹುದು. ಮಗುವಿಗೆ ಯಾರಿಂದಾದರೂ ಪೀಡೆಯಿದ್ದರೆ 1098.

ಇನ್ನೊಂದು ಮಾತು. ಬೆಳೆಗೆ ಹೊಡೆಯುವ ಔಷಧದ ಡಬ್ಬಿ ಮನೆಯ ಮೂಲೆಯಲ್ಲಿ ಇಡಬೇಡಿರಿ. ಪೆಟ್ಟಿಗೆಗೆ ಕೀಲಿ ಹಾಕಿ, ಕೀಲಿಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿರಿ. ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ಇದನ್ನು ಮರೆಯಲೇಬಾರದು.

ಕಬ್ಬಿನ ಹಂಗಾಮು ಶುರುವಾದರೆ ನಿಮಗೆ ಪುರಸೊತ್ತು ಸಿಗದು. ಅದಕ್ಕೆ ಮುಂಚೆಯೇ ಎಸ್.ಡಿ.ಎಂ.ಸಿ. ಸಭೆಗೆ ಹೋಗಿ, ಈ ವರ್ಷ ಎಷ್ಟು ಹಣ ಬಂತು, ಎಲ್ಲಿ ಖರ್ಚಾಯಿತು ಎಂದು ಸಮಾಧಾನದಿಂದ ಕೇಳಿರಿ. ಕಂಡ ಕೊರತೆಯನ್ನು ಯೋಜನೆಯಲ್ಲಿ ಬರೆಯಿಸಿರಿ. ಹೋಗುವಾಗ ಮನೆಯಾಕೆಯನ್ನೂ ಕರೆದುಕೊಂಡು ಹೋಗಿರಿ. ಹೆಣ್ಣುಮಕ್ಕಳ ಪಾಯಿಖಾನೆಯ ಬಾಗಿಲಿಗೆ ಚಿಲಕ ಇಲ್ಲದ್ದು ಆಕೆಯ ಕಣ್ಣಿಗೇ ಮೊದಲು ಬೀಳುತ್ತದೆ.