ಸಂಶೋಧನಾ ಶಿಬಿರಕ್ಕೆ ಹೊರಟವರಿಗೆ ನಾಲ್ಕು ಮಾತು

ವಿಜ್ಞಾನ ವಿಭಾಗಕ್ಕೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳ ಕಿವಿಗೆ ಒಂದು ಮಾತು ಬೇಗನೆ ಬೀಳುತ್ತದೆ: 'ಈ ವರ್ಷದ ರಿಟ್ರೀಟ್ ಎಲ್ಲಿ?' ಹಾಗೆಂದರೇನು, ಅಲ್ಲಿ ಹೋಗಿ ತಾವು ಏನು ಮಾಡಬೇಕು ಎಂದು ಕೇಳಲು ಹಲವರಿಗೆ ಸಂಕೋಚ. ಈ ಬರಹ ಅವರಿಗಾಗಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಾಲೇಜುಗಳಲ್ಲಿ ಬಿಎಸ್ಸಿ ಓದಿ ಮುಂದಕ್ಕೆ ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ವರ್ಷಕ್ಕೊಮ್ಮೆ ಇಡೀ ವಿಭಾಗ, ಅಂದರೆ ಪ್ರಾಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು, ಎಂಎಸ್ಸಿಯವರು, ಪ್ರಯೋಗಾಲಯದ ಸಿಬ್ಬಂದಿ ಎಲ್ಲರೂ ಎರಡು ಮೂರು ದಿನ ಬೇರೊಂದು ಕಡೆ ಒಟ್ಟಿಗೆ ಉಳಿದು ತಮ್ಮ ತಮ್ಮ ಕೆಲಸ ಹೇಳಿಕೊಳ್ಳುತ್ತಾರೆ. ಇದೇ ರಿಟ್ರೀಟ್, ಅಂದರೆ ವಾರ್ಷಿಕ ಸಂಶೋಧನಾ ಶಿಬಿರ. ವಿಚಾರ ಸಂಕಿರಣದಲ್ಲಿ ಮುಗಿದ ಕೆಲಸದ ಮಂಡನೆ ಇರುತ್ತದೆ, ವೇದಿಕೆ, ಶಾಲು, ಪ್ರಮಾಣಪತ್ರ ಇರುತ್ತವೆ. ಶಿಬಿರದಲ್ಲಿ ಅರ್ಧಕ್ಕೆ ನಿಂತ ಕೆಲಸಕ್ಕೇ ಮೊದಲ ಮಣೆ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ ಎಂಬುದನ್ನು ಮುಚ್ಚಿಡದೆ ಹೇಳುವುದು, ಬೇರೆಯವರ ಕಣ್ಣಿನಿಂದ ಅದನ್ನು ನೋಡುವುದು ಇದರ ಉದ್ದೇಶ.

ಈ ರೂಢಿ ಹಳೆಯದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ನೀಲ್ ಗಾರ್ಡನ್ 1931ರಲ್ಲಿ ಆರಂಭಿಸಿದ ಬೇಸಿಗೆಯ ಸಭೆಗಳು ಇಂದಿಗೂ ಗಾರ್ಡನ್ ಸಮ್ಮೇಳನಗಳೆಂದು ನಡೆಯುತ್ತಿವೆ. ಬೆಳಿಗ್ಗೆ ಮತ್ತು ಸಂಜೆ ಭಾಷಣ, ಮಧ್ಯಾಹ್ನ ಬಿಡುವು. ಅಲ್ಲಿ ಕೇಳಿದ್ದನ್ನು ಹೊರಗೆ ಪ್ರಕಟಿಸುವಂತಿಲ್ಲ. ಈ ನಿಯಮವಿರುವುದರಿಂದಲೇ ಹಿರಿಯ ವಿಜ್ಞಾನಿಗಳೂ ತಮ್ಮ ಅನುಮಾನಗಳನ್ನು ಬಿಚ್ಚಿಡುತ್ತಾರೆ. ನಮ್ಮ ದೇಶದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಜೀವವಿಜ್ಞಾನಿಗಳು 1970ರ ದಶಕದಲ್ಲಿ ಮಹಾಬಲೇಶ್ವರದಲ್ಲಿ ಇಂಥ ಸಭೆಗಳನ್ನು ಆರಂಭಿಸಿದರು. ಟಾಟಾ ಸಂಸ್ಥೆಯ ಜೀವವಿಜ್ಞಾನ ಬಳಗವನ್ನು ಕಟ್ಟಿದ ಒಬೈದ್ ಸಿದ್ದಿಕಿಯವರೇ ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನೂ ಕಟ್ಟಿದರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರತಿವರ್ಷ ಕೇಂದ್ರದವರೇ ಸೇರಿ ತಮ್ಮ ಕೆಲಸ ಹೇಳಿಕೊಳ್ಳುವ ಆಂತರಿಕ ಸಮಾವೇಶ ನಡೆಯುತ್ತದೆ.

ಇದೆಲ್ಲ ಬೆಂಗಳೂರು, ಮುಂಬೈಗೆ ಸೇರಿದ್ದು ಎಂದುಕೊಳ್ಳಬೇಡಿ. 2023ರಲ್ಲಿ ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಶುರುವಾಯಿತು. ಗಂಗಾವತಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಬಹಳ ವರ್ಷಗಳಿಂದ ಭತ್ತದ ಮೇಲೆ, ಸವಳು ಮಣ್ಣಿನ ಮೇಲೆ ಕೆಲಸ ಮಾಡುತ್ತಿದೆ. ಶಿಬಿರಕ್ಕೆ ಬೇಕಾದ ವಿಷಯಗಳು ಕೊಪ್ಪಳ ಜಿಲ್ಲೆಯ ನೆಲದಲ್ಲೇ ಇವೆ.

ಅಲ್ಲಿ ನಡೆಯುವುದೇನು ಎಂಬುದಕ್ಕೆ ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಒಬ್ಬ ವಿದ್ಯಾರ್ಥಿನಿ ಗಂಗಾವತಿ ಸೀಮೆಯ ಗದ್ದೆಗಳ ಮೇಲೆ ಕೆಲಸ ಮಾಡುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಇಲ್ಲಿ ಭತ್ತ ಬಂತು, ಕೈಗೆ ಕಾಸೂ ಬಂತು. ಆದರೆ ನೀರು ಬಸಿದು ಹೋಗದ ಕಡೆ ಅಂತರ್ಜಲ ಮೇಲೇರಿ, ಬಿಸಿಲಿಗೆ ನೀರು ಆವಿಯಾಗಿ, ಉಪ್ಪು ಮಾತ್ರ ಮೇಲೆ ಉಳಿದು ನೆಲ ಬೆಳ್ಳಗಾಯಿತು. ರೈತರು ಸವಳು-ಜವಳು ಎನ್ನುವುದು ಇದಕ್ಕೇ. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದು ಸವಳು ಮಣ್ಣು. ವಿದ್ಯಾರ್ಥಿನಿಯ ಗ್ರಾಫ್‌ನಲ್ಲಿ, ಡಯಾಂಚ ಬೆಳೆದು ಹಸಿರೆಲೆ ಗೊಬ್ಬರವಾಗಿ ಉತ್ತ ಮೇಲೆ ಈ ಅಂಕಿ ಚೆನ್ನಾಗಿ ಇಳಿದಿದೆ. ಎಲ್ಲರೂ ತಲೆದೂಗುವಾಗ ಸಸ್ಯಶಾಸ್ತ್ರದ ಹುಡುಗನೊಬ್ಬ ಕೇಳುತ್ತಾನೆ: 'ಮೊದಲ ಮಣ್ಣು ತೆಗೆದದ್ದು ಯಾವ ತಿಂಗಳು?' ಮೇ ತಿಂಗಳು, ಕಾಲುವೆ ಬಂದ್ ಆಗಿತ್ತು. 'ಎರಡನೆಯದು?' ಸೆಪ್ಟೆಂಬರ್, ಗದ್ದೆಯಲ್ಲಿ ನೀರು ನಿಂತಿತ್ತು. ಹಾಗಾದರೆ ಉಪ್ಪನ್ನು ಇಳಿಸಿದ್ದು ಡಯಾಂಚವೋ, ನೀರೋ? ಗ್ರಾಫ್ ಅದಕ್ಕೆ ಉತ್ತರ ಕೊಡುವುದಿಲ್ಲ. ಪಕ್ಕದಲ್ಲೇ ಡಯಾಂಚ ಹಾಕದ ಒಂದು ಮಡಿ ಬಿಟ್ಟು, ಎರಡರಲ್ಲೂ ಒಂದೇ ದಿನ ಮಣ್ಣು ತೆಗೆದಿದ್ದರೆ ಕೊಡುತ್ತಿತ್ತು. ಅದೇ ಸಂಜೆ ಆಕೆ ಮುಂದಿನ ಹಂಗಾಮಿನ ಯೋಜನೆಯನ್ನು ಬದಲಿಸುತ್ತಾಳೆ. ಈ ಪ್ರಶ್ನೆ ಎರಡು ವರ್ಷ ಬಿಟ್ಟು ಪ್ರಬಂಧದ ಪರೀಕ್ಷಕರಿಂದ ಬಂದಿದ್ದರೆ ಆಕೆಯ ಗತಿ ಏನು ಎಂದು ಯೋಚಿಸಿ.

ಇನ್ನೊಂದು ಲಾಭ, ಒಂದೇ ಸಮಸ್ಯೆಯ ತುಂಡುಗಳು ಬೇರೆ ಬೇರೆ ಕೋಣೆಗಳಲ್ಲಿ ಇರುವುದು ಇಲ್ಲಿ ಬಯಲಾಗುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ರಸಾಯನಶಾಸ್ತ್ರದವರು ಅಂಕಿ ಅಳೆಯುತ್ತಾರೆ. ಗ್ರಾನೈಟ್‌ನಲ್ಲಿರುವ ಅಪಟೈಟ್, ಬಯೋಟೈಟ್‌ನಂಥ ಖನಿಜಗಳಿಂದ ಫ್ಲೋರೈಡ್ ನೀರಿಗಿಳಿಯುವ ಬಗೆ ಭೂವಿಜ್ಞಾನದವರಿಗೆ ಗೊತ್ತು. ಮಕ್ಕಳ ಹಲ್ಲಿನ ಮೇಲಿನ ಕಲೆ, ದೊಡ್ಡವರ ಮೂಳೆಯ ಬಾಧೆ ಜೀವವಿಜ್ಞಾನದವರ ಪಾಲಿಗೆ. ಒಂದೇ ಕಾರಿಡಾರಿನಲ್ಲಿ ವರ್ಷಗಟ್ಟಲೆ ಓಡಾಡಿದವರು ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಾಗ, 'ನೀವು ನೀರು ತಂದ ಹಳ್ಳಿಯಲ್ಲೇ ನಾನೂ ಕೆಲಸ ಮಾಡುತ್ತಿದ್ದೇನೆ' ಎಂಬ ಮಾತು ಬರುತ್ತದೆ. ಶಿಬಿರ ಸಾರ್ಥಕವಾಗಲು ಅಷ್ಟು ಸಾಕು.

ಮಧ್ಯಾಹ್ನದ ಬಿಡುವಿನಲ್ಲಿ ನಡೆದಾಡುವುದೂ ಕಾರ್ಯಕ್ರಮದ ಭಾಗವೇ. ಗಂಗಾವತಿ ಬಳಿಯ ಹಿರೇಬೆಣಕಲ್‌ಗಿಂತ ಒಳ್ಳೆಯ ಜಾಗ ನನಗೆ ತೋಚದು. ಊರವರು ಮೋರ್ಯರ ಗುಡ್ಡ ಎನ್ನುವ ಆ ಬೆಟ್ಟದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ, ಸುಮಾರು 400 ಶಿಲಾಸಮಾಧಿಗಳಿವೆ. ದೊಡ್ಡ ಚಪ್ಪಡಿಗಳನ್ನು ಗೋಡೆಯಾಗಿ ನಿಲ್ಲಿಸಿ, ಮೇಲೊಂದು ಹೊದಿಸಿ ಕಟ್ಟಿದ ಕೋಣೆಗಳು. ಕೆಲವುಗಳ ಗೋಡೆಯಲ್ಲಿ ದುಂಡನೆಯ ಕಿಂಡಿ. ಯಂತ್ರವಿಲ್ಲದ ಕಾಲದಲ್ಲಿ ಚಪ್ಪಡಿ ಎಬ್ಬಿಸಿದ್ದು ಹೇಗೆ? ಗ್ರಾನೈಟ್ ಬೆಟ್ಟಗಳು ಪದರ ಪದರವಾಗಿ ಬಿಡುತ್ತವೆ ಎಂದು ಭೂವಿಜ್ಞಾನದವರು ಬಂಡೆಯನ್ನೇ ಮುಟ್ಟಿ ತೋರಿಸಬಹುದು. ಅಲ್ಲಿನ ನೀರಿನ ಹೊಂಡ ಕಲ್ಲು ತೆಗೆದ ಗಣಿಯೇ ಆಗಿರಬಹುದು ಎಂಬ ಅಭಿಪ್ರಾಯವಿದೆ. ಬಡಿದರೆ ನಗಾರಿಯಂತೆ ಮೊಳಗುವ ಅಲ್ಲಿನ ದೊಡ್ಡ ಗುಂಡು ಭೌತಶಾಸ್ತ್ರದವರ ಪಾಲಿಗೆ. ಆದರೆ ಅದನ್ನು ಕಲ್ಲಿನಿಂದ ಬಡಿಯಬೇಡಿ, ಬಂಡೆಯ ಮೇಲೆ ಹೆಸರು ಕೆತ್ತಬೇಡಿ. ಒಂದೇ ಕಲ್ಲನ್ನು ನೋಡಿ ಮೂರು ವಿಷಯದವರು ಮೂರು ಪ್ರಶ್ನೆ ಕೇಳುವುದನ್ನು ಪಾಠದ ಕೋಣೆಯಲ್ಲಿ ಕಲಿಸಲಾಗದು.

ಇನ್ನು ತಯಾರಿ. ಹತ್ತು ನಿಮಿಷದ ಮಾತು ಎಂದರೆ ಹತ್ತೇ ನಿಮಿಷ. ಮೂವತ್ತು ಸ್ಲೈಡ್ ಬೇಡ. ನಿಮ್ಮ ಪ್ರಶ್ನೆ ಏನು, ಇಲ್ಲಿಯವರೆಗೆ ಕಂಡದ್ದೇನು, ಎಲ್ಲಿ ನಿಂತಿದ್ದೀರಿ, ಇಷ್ಟು ಹೇಳಿ. ಮೊದಲ ವರ್ಷದವರಿಗೆ ಹೇಳಲು ಫಲಿತಾಂಶವೇ ಇರುವುದಿಲ್ಲ, ಅದಕ್ಕೆ ನಾಚಬೇಕಿಲ್ಲ. ಏನು ಹುಡುಕಬೇಕೆಂದಿದ್ದೀರಿ ಎಂಬುದನ್ನೇ ಹೇಳಿ. ಬೇರೆ ವಿಷಯದವರಿಗೂ ಅರ್ಥವಾಗುವಂತೆ ಮಾತಾಡಿ. ಪೋಸ್ಟರ್ ಹಾಕಿದರೆ ಅದರ ಪಕ್ಕ ನಿಲ್ಲಿ, ಫೋನ್ ಹಿಡಿದು ಮೂಲೆ ಸೇರಬೇಡಿ. ಇನ್ನೊಬ್ಬರ ಪ್ರಕಟವಾಗದ ಅಂಕಿಅಂಶಗಳ ಫೋಟೊ ತೆಗೆಯಬೇಡಿ. ಯಾರದೋ ಸಲಹೆಯಿಂದ ಕೆಲಸ ಕೈಗೂಡಿದರೆ ಪ್ರಬಂಧದಲ್ಲಿ ಅವರ ಹೆಸರು ಬರೆಯಿರಿ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ವಿಶೇಷವಾಗಿ ಒಂದು ಮಾತು. ಇಂಗ್ಲಿಷ್ ತಡವರಿಸುತ್ತದೆ ಎಂದು ಒಳ್ಳೆಯ ಪ್ರಶ್ನೆಯನ್ನು ನುಂಗಿಕೊಂಡು ಕೂತ ಎಷ್ಟೋ ಮುಖಗಳನ್ನು ಕಂಡಿದ್ದೇನೆ, ಪ್ರತಿ ಸಲವೂ ಸಂಕಟವಾಗಿದೆ. ಕನ್ನಡದಲ್ಲೇ ಕೇಳಿ. ಸವಳು ಭೂಮಿಯ ಬಗ್ಗೆ, ಕೊಳವೆಬಾವಿಯ ಬಗ್ಗೆ ನೀವು ಹೊಲದಲ್ಲಿ ಕಂಡದ್ದು ಕೆಲವು ಪ್ರಾಧ್ಯಾಪಕರು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚು. ಹಾಗೆಯೇ ಸಂಘಟಕರಲ್ಲೂ ವಿನಂತಿ: ಪ್ರತಿ ಮಾತಿನ ನಂತರ ಮೊದಲ ಪ್ರಶ್ನೆ ವಿದ್ಯಾರ್ಥಿಯದೇ ಆಗಿರಲಿ, ಹಿರಿಯರು ಆಮೇಲೆ ಕೇಳಲಿ. ಮೈಕು ಮೊದಲು ಹಿರಿಯರ ಕೈಗೆ ಹೋದರೆ ಅದು ಕೆಳಗಿಳಿಯುವುದೇ ಇಲ್ಲ.

ಶಿಬಿರಕ್ಕೆ ದೊಡ್ಡ ರೆಸಾರ್ಟ್ ಬೇಕಿಲ್ಲ. ರಜೆಯಲ್ಲಿ ಖಾಲಿ ಇರುವ ಹಾಸ್ಟೆಲ್, ಒಂದು ಬಸ್ಸು, ಒಂದು ಕರಿಹಲಗೆ, ಊಟಕ್ಕೆ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇದ್ದರೆ ಧಾರಾಳವಾಯಿತು. ವಿಭಾಗ ಚಿಕ್ಕದಾಗಿದ್ದರೆ ಅಕ್ಕಪಕ್ಕದ ಮೂರು ನಾಲ್ಕು ಪದವಿ ಕಾಲೇಜುಗಳು ಸೇರಿ ಮಾಡಲಿ. ನಿಮ್ಮ ವಿಭಾಗದಲ್ಲಿ ಈ ರೂಢಿ ಇಲ್ಲದಿದ್ದರೆ ಈ ವಾರವೇ ಮುಖ್ಯಸ್ಥರ ಬಳಿ ಹೋಗಿ ಕೇಳಿ. ಇದ್ದರೆ, ಮೊದಲ ಶಿಬಿರದಿಂದಲೇ ಒಂದಾದರೂ ಪ್ರಶ್ನೆ ಕೇಳದೆ ವಾಪಸ್ ಬರಬೇಡಿ.