ನೀರಿನೊಳಗಣ ಕಿಡಿ

ನೀರಿಗೂ ಬೆಂಕಿಗೂ ಹಗೆತನವೆಂಬುದು ಲೋಕರೂಢಿಯ ಮಾತು. ಆದರೆ ವಿಜ್ಞಾನಿಯ ಪಾತ್ರೆಯಲ್ಲಿ ಅವೆರಡೂ ಕೂಡಿ ದುಡಿದುದುಂಟು. 1898ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಗೇಯೋರ್ಗ್ ಬ್ರೇಡಿಗ್ ನೀರಿನಲ್ಲಿ ಮುಳುಗಿಸಿದ ಎರಡು ಲೋಹದ ತಂತಿಗಳ ತುದಿಗಳ ನಡುವೆ ವಿದ್ಯುತ್ ಚಾಪವನ್ನು ಹೊತ್ತಿಸಿದನು. ಲೋಹವು ಆವಿಯಾಗಿ, ಕಣ್ಣಿಗೆ ಕಾಣದ ಕಣಗಳಾಗಿ ನೀರಿನಲ್ಲಿ ಹರಡಿತು.

ಮುಂದೆ ಇದೇ ತತ್ತ್ವವು ಸೆರಾಮಿಕ್ ಪುಡಿಗಳ ತಯಾರಿಕೆಗೂ ಒದಗಿತು. ನೀರಿನಲ್ಲಿ ಅಲ್ಯೂಮಿನಿಯಂ ತುಣುಕುಗಳನ್ನು ಹರಡಿ ವಿದ್ಯುತ್ತಿನ ಮಿಡಿತಗಳನ್ನು ಹಾಯಿಸಿದರೆ, ಅವುಗಳ ನಡುವೆ ಕಿಡಿಗಳು ಸಿಡಿಯುತ್ತವೆ. ಕಿಡಿ ತಾಗಿದೆಡೆ ಲೋಹವು ಕರಗಿ, ಚಿಮ್ಮಿ, ನೀರಿನೊಡನೆ ವರ್ತಿಸಿ ಹೈಡ್ರಾಕ್ಸೈಡ್ ಆಗುತ್ತದೆ; ಜಲಜನಕವು ಗುಳ್ಳೆಗಳಾಗಿ ಹೊರಬೀಳುತ್ತದೆ. ಆ ಹೈಡ್ರಾಕ್ಸೈಡನ್ನು ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಕುರುಂದದಷ್ಟೇ ಕಠಿಣವಾದ ಅಲ್ಯೂಮಿನಾ ದೊರೆಯುತ್ತದೆ. ಈ ಕ್ರಮಕ್ಕೆ ಆಮ್ಲವೂ ಬೇಡ, ಕ್ಷಾರವೂ ಬೇಡ.

ಬಾಕ್ಸೈಟ್ ಅದಿರನ್ನು ದಾಹಕ ಸೋಡದಲ್ಲಿ ಕರಗಿಸಿ ಅಲ್ಯೂಮಿನಾ ಪಡೆಯುವ ರೂಢಿಯ ಕ್ರಮದಲ್ಲಾದರೋ ಕೆಂಪು ಕೆಸರು ರಾಶಿಯಾಗಿ ಉಳಿಯುತ್ತದೆ. 2010ರ ಅಕ್ಟೋಬರ್ 4ರಂದು ಹಂಗೆರಿಯ ಅಯ್ಕಾ ಬಳಿ ಅಂತಹ ಕೆಸರಿನ ಕಟ್ಟೆಯೊಡೆದು 10 ಮಂದಿ ಮಡಿದರು.

ಹಾಗೆಂದು ಕಿಡಿಯ ವಿಧಾನವು ತಾನಾಗಿಯೇ ನಿರ್ದೋಷವಾಗದು. ಅಲ್ಯೂಮಿನಿಯಮ್ಮಿನ ಮೂಲವೂ ಅದೇ ಬಾಕ್ಸೈಟ್. ಹೊಸ ಲೋಹವನ್ನೇ ಪುಡಿಮಾಡಿದರೆ ಕೆಸರು ಕಣ್ಮರೆಯಾದೀತೇ ಹೊರತು ಇಲ್ಲವಾಗದು. ಬಳಸಿ ಬಿಸುಟ ಲೋಹಕ್ಕೆ, ಹೊಗೆಯುಗುಳದ ವಿದ್ಯುತ್ತಿನಿಂದ ಕಿಡಿ ತಾಗಿಸಿದಾಗಲೇ ಅದು ಪ್ರಕೃತಿಗೆ ಹಿತವೆನಿಸೀತು. ವಸ್ತುವಿನ ಶುಚಿತ್ವವನ್ನು ಅದು ಸಿದ್ಧವಾದ ಪಾತ್ರೆಯಲ್ಲಷ್ಟೇ ನೋಡಿದರೆ ಸಾಲದು. ಅದು ಹೊರಟ ಗಣಿಯವರೆಗೂ ಹೋಗಿ ನೋಡಬೇಕು.