ಬಾಲರ ವ್ಯವಹಾರವೂ ಪೋಷಕರ ಹೊಣೆಯೂ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಮತ್ತರು, ಉನ್ಮತ್ತರು, ರೋಗಾರ್ತರು, ಬಾಲರು, ಭೀತರು ಮೊದಲಾದವರು ನಡೆಸಿದ ವ್ಯವಹಾರವು ಸಿದ್ಧಿಸದೆಂಬುದು ಆ ಸ್ಮೃತಿಯ ನಿರ್ಣಯ. 1872ರ ಭಾರತೀಯ ಕರಾರು ಅಧಿನಿಯಮವೂ ಅಪ್ರಾಪ್ತವಯಸ್ಕನಿಗೆ ಕರಾರಿನ ಅರ್ಹತೆಯಿಲ್ಲವೆಂದಿತು. ಅಂಥ ಕರಾರು ಮೂಲತಃ ಅಸಿಂಧುವೆಂದು 1903ರಲ್ಲಿ ಪ್ರಿವಿ ಕೌನ್ಸಿಲು ತೀರ್ಪಿತ್ತಿತು. ಲಾಭನಷ್ಟಗಳನ್ನು ತೂಗಿ ನೋಡುವ ವಿವೇಕವು ಮಗುವಿಗೆ ಇನ್ನೂ ಬಲಿತಿರುವುದಿಲ್ಲವೆಂಬುದೇ ಇದರ ತಾತ್ಪರ್ಯ.

ಆದರೆ ಇಂದು ಮಗುವಿನ ವ್ಯವಹಾರವು ತಂದೆತಾಯಿಗಳ ಹೆಸರಿನಲ್ಲಿ ನಡೆದುಹೋಗುತ್ತದೆ. ಗುಂಡ್ಲುಪೇಟೆ ಸೀಮೆಯ ಕೃಷಿಕನು ಅರಿಶಿನ, ಚೆಂಡುಹೂಗಳನ್ನು ಮಾರಿದ ಹಣ ಬ್ಯಾಂಕಿನಲ್ಲಿರುತ್ತದೆ; ಬ್ಯಾಂಕಿನ ಬೀಗದ ಕೈ ಮೊಬೈಲಿನಲ್ಲಿರುತ್ತದೆ; ಮೊಬೈಲು ಸಂಜೆಯಾದರೆ ಮಗುವಿನ ಕೈಯಲ್ಲಿರುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮನೆಮನೆಗೆ ಬಂದ ಯಂತ್ರವು ಅನಂತರ ಆಟದ ಸಾಧನವಾಗಿ ಉಳಿಯಿತು. ಪುಕ್ಕಟೆಯೆಂದು ಆರಂಭವಾಗುವ ಆಟ ನಡುವೆ ವಜ್ರ, ನಾಣ್ಯ, ಉಡುಗೆಗಳನ್ನು ಮಾರತೊಡಗುತ್ತದೆ. ರೂಪಾಯಿಯು ವಜ್ರದ ವೇಷ ತೊಟ್ಟೊಡನೆ ಮಗುವಿನ ಕಣ್ಣಿಗೆ ಅದು ಹಣವಾಗಿ ಕಾಣದು.

ಇದರಲ್ಲಿ ದೋಷವೆಲ್ಲ ಮಗುವಿನದೇ ಅಲ್ಲ. ಗುಂಡಿ ತಪ್ಪಿ ಒತ್ತಿದರೂ ಖರೀದಿಯಾಗುವಂತೆ ‘ಫೋರ್ಟ್‌ನೈಟ್’ ಆಟವನ್ನು ರಚಿಸಿದ ಆರೋಪಕ್ಕಾಗಿ ಎಪಿಕ್ ಗೇಮ್ಸ್ ಸಂಸ್ಥೆಯು 2022ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನೊಡನೆ ರಾಜಿಯಾಗಿ, 24.5 ಕೋಟಿ ಡಾಲರುಗಳನ್ನು ಗ್ರಾಹಕರಿಗೆ ಮರಳಿಸಲು ಒಪ್ಪಿತು. ಭಾರತದಲ್ಲಿ 2025ರ ಕಾಯಿದೆಯು ಹಣವನ್ನು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆಟದೊಳಗಿನ ಎಲ್ಲ ಮಾರಾಟಗಳನ್ನೂ ಅಲ್ಲ. ಆದಕಾರಣ ಮನೆಯ ಎಚ್ಚರಕ್ಕೆ ಬದಲಿಯಿಲ್ಲ.

ಬಂಡೀಪುರದ ಕಾಡಂಚಿನ ರೈತನು ಆನೆ ಹೊಲಕ್ಕೆ ನುಗ್ಗಿದ ಮೇಲೆ ಅಟ್ಟಣೆ ಕಟ್ಟಲು ಹೊರಡುವುದಿಲ್ಲ. ಅಂತೆಯೇ ಹಣ ಹೋಗುವ ಮೊದಲೇ ಕಾವಲಿರಬೇಕು. ಪಿನ್ ಸಂಖ್ಯೆಯನ್ನು ಮಕ್ಕಳಿಗೆ ತಿಳಿಸಬಾರದು; ಪ್ರತಿಯೊಂದು ಖರೀದಿಗೂ ಗುಪ್ತಪದ ಕೇಳುವಂತೆ ಮೊಬೈಲನ್ನು ಅಣಿಗೊಳಿಸಬೇಕು; ದುಡಿಮೆಯ ಹಣವಿರುವ ಖಾತೆಯನ್ನು ಆಟದ ಮೊಬೈಲಿಗೆ ಜೋಡಿಸಬಾರದು. ಅರಿಯದೆ ಖರೀದಿಯಾದರೆ ರಸೀದಿಯೊಡನೆ ಆ ಆಟವನ್ನು ಇಳಿಸಿಕೊಂಡ ಆ್ಯಪ್ ಅಂಗಡಿಗೆ ಕೂಡಲೇ ಮರುಪಾವತಿಯ ಮನವಿ ಸಲ್ಲಿಸಬೇಕು. ಅಪರಿಚಿತರು ವಂಚಿಸಿದ್ದರೆ 1930 ಸಂಖ್ಯೆಗೆ ತಡಮಾಡದೆ ಕರೆಮಾಡಬೇಕು.

ಸ್ಮೃತಿಕಾರನು ಬಾಲನ ಪಕ್ಕದಲ್ಲಿಯೇ ಭೀತನನ್ನೂ ಹೇಳಿರುವುದು ಮನನೀಯ. ಏಟಿಗೆ ಅಂಜಿದ ಮಗು ಹೋದ ನೂರು ರೂಪಾಯಿಯನ್ನು ಮುಚ್ಚಿಡುತ್ತದೆ. ಆ ಗುಟ್ಟನ್ನು ಅರಿತ ಅಪರಿಚಿತನು ಅದನ್ನೇ ಹಿಡಿದು ಬೆದರಿಸಿ ಭಾವಚಿತ್ರವನ್ನೋ ಮತ್ತಷ್ಟು ಹಣವನ್ನೋ ಕೇಳಬಲ್ಲನು. ನಡೆದುದನ್ನು ಮಗು ನಿರ್ಭಯವಾಗಿ ತಂದೆತಾಯಿಗಳ ಮುಂದೆ, ಗುರುಗಳ ಮುಂದೆ ಹೇಳಬಲ್ಲ ವಾತಾವರಣವೇ ಎಲ್ಲ ಬೀಗಗಳಿಗಿಂತ ಭದ್ರವಾದ ರಕ್ಷೆ. ಬಾಲ್ಯವನ್ನು ನೀಗಿಸುವುದು ಕಾಲದ ಕೆಲಸ. ಭಯವನ್ನು ನೀಗಿಸುವುದು ಹಿರಿಯರ ಕೆಲಸ.